ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಈ ಸಲ ಬರುವಾಗ ಒಂದು ಪ್ರೆಷರ್ ಕ್ಯಾನರನ್ನೂ ಡಜನ್ ಗಾಜಿನ ಜಾಡಿಗಳನ್ನೂ ತಂದುಕೊಟ್ಟಿದ್ದಾಳೆ. ತಾರಸಿಯಲ್ಲಿ ಹುರುಳಿಕಾಯಿ ಧಾರಾಳವಾಗಿ ಬಿಡುತ್ತಿದೆ. ಗೇಜು 11 ಪೌಂಡ್ ತೋರಿಸಬೇಕು ಎಂದು ಅವಳು ಬರೆದಿಟ್ಟು ಹೋಗಿದ್ದಾಳೆ. ನಮ್ಮೂರಿಗೂ ಅಷ್ಟೇ ಸಾಕೆ? ಗೇಜು ಸರಿಯಿದೆಯೆಂದು ತಿಳಿಯುವುದು ಹೇಗೆ? ಮಾಮೂಲಿ ಕುಕ್ಕರಿನಲ್ಲೇ ನಾಲ್ಕು ವಿಷಲ್ ಕೂಗಿಸಿದರೆ ಆಗುವುದಿಲ್ಲವೆ?
— ಓದುಗರೊಬ್ಬರು, ಯಲಹಂಕ ಉಪನಗರ

ಉತ್ತರ: ಸಾಲದು. ಯಲಹಂಕದಲ್ಲಿ ಮುಳ್ಳಿನ ಗೇಜು 12 ಪೌಂಡ್ ತೋರಿಸಬೇಕು. ನಿಮ್ಮ ಕ್ಯಾನರಿಗೆ ಗೇಜಿನ ಬದಲು ವೆಯ್ಟ್ ಇದ್ದರೆ 10ರದ್ದನ್ನು ಪಕ್ಕಕ್ಕಿಟ್ಟು 15ರದ್ದನ್ನೇ ಹಾಕಿ. ಮಗಳು ಬರೆದ 11 ತಪ್ಪಲ್ಲ. ಅದು 2,000 ಅಡಿಗಿಂತ ಕೆಳಗಿರುವ ಊರುಗಳ ಲೆಕ್ಕ. ನಾವು ಅದಕ್ಕಿಂತ ಮೇಲಿದ್ದೇವೆ.

ನಿಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ ಎಲ್ಲವೂ ಹೆಚ್ಚುಕಡಿಮೆ ಅದೇ ಮಟ್ಟ. ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಕಾಯುವುದಿಲ್ಲ, 97ಕ್ಕೇ ಕುದಿದುಬಿಡುತ್ತದೆ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಹೆಚ್ಚಿದೆ ಎಂಬುದನ್ನು ಮಾತ್ರ. ಕಡಲತೀರದಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡ್, ನಮ್ಮಲ್ಲಿ ಸುಮಾರು 13.2. ಕಡಿಮೆಯಾದ ಆ ಒಂದೂವರೆ ಪೌಂಡನ್ನು ಕ್ಯಾನರೊಳಗೆ ನಾವೇ ತುಂಬಿಕೊಡಬೇಕು.

ಇಷ್ಟು ಸಣ್ಣ ಅಂತರಕ್ಕೆ ಇಷ್ಟು ಗಾಬರಿ ಯಾಕೆ ಅನ್ನಿಸಬಹುದು. ಕಾರಣ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲಿ ವಾಸಿಸುವಂಥದ್ದು, ಅದರ ಬೀಜಾಣು ತರಕಾರಿಯ ಜೊತೆಗೆ ಅಡುಗೆಮನೆಗೆ ಬರುತ್ತದೆ. ಗಾಳಿಯಾಡುವ ಕಡೆ ಅದರಿಂದ ನಮಗೇನೂ ತೊಂದರೆಯಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ, ನೀರಿರುವ ಜಾಗ ಸಿಕ್ಕಿತೋ ಮೊಳೆತು ನರಗಳನ್ನೇ ಕಟ್ಟಿಹಾಕುವ ವಿಷ ತಯಾರಿಸುತ್ತದೆ. ಮುಚ್ಚಳ ಬಿಗಿದ ಹುರುಳಿಕಾಯಿ ಜಾಡಿ ಅಂಥದ್ದೇ ಜಾಗ. ನಮ್ಮ ಅಜ್ಜಿಯರ ಉಪ್ಪಿನಕಾಯಿಯಲ್ಲಿ ಹುಳಿಯೂ ಉಪ್ಪೂ ಇದನ್ನು ತಡೆಯುತ್ತವೆ, ಬಾಳಕ ಸಂಡಿಗೆಯಲ್ಲಿ ಬಿಸಿಲು ನೀರನ್ನೇ ತೆಗೆದುಬಿಡುತ್ತದೆ. ಜಾಡಿಯ ತರಕಾರಿಗೆ ಶಾಖ ಬಿಟ್ಟರೆ ಬೇರೆ ಕಾವಲಿಲ್ಲ.

ಆ ಶಾಖದ ಲೆಕ್ಕ ಕಠಿಣವಾದದ್ದು. 121 ಡಿಗ್ರಿಯಲ್ಲಿ ಈ ಬೀಜಾಣುಗಳನ್ನು ನಾಶಮಾಡಲು ಸುಮಾರು ಮೂರು ನಿಮಿಷ ಸಾಕು. ಆದರೆ ಶಾಖ 10 ಡಿಗ್ರಿ ಇಳಿದಂತೆಲ್ಲ ಸಮಯ ಹತ್ತುಪಟ್ಟಾಗುತ್ತದೆ. ನಮ್ಮೂರಿನ ಕುದಿನೀರಿನಲ್ಲಿ, ಅಂದರೆ 97 ಡಿಗ್ರಿಯಲ್ಲಿ, ಅದೇ ಕೆಲಸಕ್ಕೆ ಹನ್ನೆರಡು ಗಂಟೆ ಹಿಡಿಯುತ್ತದೆ. 2015ರ ಏಪ್ರಿಲ್‌ನಲ್ಲಿ ಓಹಾಯೋ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನ ಚರ್ಚೊಂದರಲ್ಲಿ ಎಲ್ಲರೂ ಮನೆಯಿಂದ ಅಡುಗೆ ತಂದು ಒಟ್ಟಿಗೆ ಉಂಡರು. ಅದರಲ್ಲಿ ಆಲೂಗಡ್ಡೆ ಸಲಾಡ್ ಇತ್ತು. ಆ ಆಲೂಗಡ್ಡೆಯನ್ನು ಮನೆಯಲ್ಲೇ ಜಾಡಿಗೆ ತುಂಬಿದ್ದವರು ಪ್ರೆಷರ್ ಕ್ಯಾನರ್ ಬಳಸದೆ ಬರೀ ಕುದಿಯುವ ನೀರಿನಲ್ಲಿ ಜಾಡಿಗಳನ್ನು ಇಟ್ಟು ತೆಗೆದಿದ್ದರು. 29 ಮಂದಿ ಬೊಟುಲಿಸಂನಿಂದ ಮಲಗಿದರು, ಒಬ್ಬರು ತೀರಿಕೊಂಡರು.

ಈಗ ಗೇಜಿಗೆ ಬರೋಣ. ಮುಳ್ಳಿನ ಗೇಜು ನಾಜೂಕಿನದು. ಕೈತಪ್ಪಿ ಬಿದ್ದರೆ, ತೊಳೆಯುವಾಗ ಮುಚ್ಚಳವನ್ನು ನೀರಲ್ಲಿ ಮುಳುಗಿಸಿದರೆ, ವಿಮಾನದ ಸಾಮಾನಿನಲ್ಲಿ ಪೆಟ್ಟು ತಿಂದರೆ ತಪ್ಪು ಹೇಳತೊಡಗಬಹುದು. ಕಡಿಮೆ ತೋರಿಸಿದರೆ ಕಾಯಿ ಮೆತ್ತಗಾದೀತು, ಅಷ್ಟೇ. ಹೆಚ್ಚು ತೋರಿಸಿದರೆ ಮಾತ್ರ ಅಪಾಯ. ಒಳಗೆ ನಿಜವಾಗಿ 10 ಪೌಂಡ್ ಇದ್ದು ಮುಳ್ಳು 12ರಲ್ಲಿ ನಿಂತಿದ್ದರೆ ಶಾಖ ಎರಡೂವರೆ ಡಿಗ್ರಿಯಷ್ಟು ಕಡಿಮೆ. ಬೀಜಾಣು ಸಾಯಲು ಆಗ ಮುಕ್ಕಾಲು ಪಾಲು ಹೆಚ್ಚು ಸಮಯ ಬೇಕು, ನೀವು ಮಾತ್ರ ಗಡಿಯಾರ ನೋಡಿ ಮೊದಲಿನ ಸಮಯಕ್ಕೇ ಒಲೆ ಆರಿಸಿರುತ್ತೀರಿ.

ಹಾಗಾಗಿ ವರ್ಷಕ್ಕೊಮ್ಮೆ ಗೇಜನ್ನು ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಇದಕ್ಕೆ ಕೃಷಿ ವಿಸ್ತರಣಾ ಕಚೇರಿಗಳಿವೆ. ನಮಗೆ ಯಶವಂತಪುರ ದಾಟಿದರೆ ಪೀಣ್ಯವಿದೆ. ಕಾರ್ಖಾನೆಗಳ ಪ್ರೆಷರ್ ಗೇಜುಗಳನ್ನು ಪರೀಕ್ಷಿಸುವ ಕ್ಯಾಲಿಬ್ರೇಶನ್ ಲ್ಯಾಬುಗಳು ಅಲ್ಲಿವೆ, ಎನ್‌ಎಬಿಎಲ್ ಮಾನ್ಯತೆ ಇರುವುದನ್ನು ಕೇಳಿಕೊಂಡು ಹೋಗಿ. ಕ್ಯಾನರಿಗೆ ಗೇಜು, ವೆಯ್ಟ್ ಎರಡೂ ಇದ್ದರೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ನೀರು ಮಾತ್ರ ಹಾಕಿ ಕಾಯಿಸಿ, 15ರ ವೆಯ್ಟ್ ಅಲುಗಾಡತೊಡಗಿದಾಗ ಮುಳ್ಳು ಎಲ್ಲಿದೆ ನೋಡಿ. 15ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಆ ಗೇಜನ್ನು ನಂಬಬೇಡಿ. ವೆಯ್ಟ್ ಬರೀ ಲೋಹದ ತುಂಡು, ಅದರ ತೂಕ ಬದಲಾಗುವುದಿಲ್ಲ. ನನ್ನನ್ನು ಕೇಳಿದರೆ ಮನೆಬಳಕೆಗೆ ಅದೇ ಮೇಲು.

ಮಾಮೂಲಿ ಕುಕ್ಕರ್ ಬೇಡವೇ ಬೇಡ. ನಮ್ಮ ಕುಕ್ಕರುಗಳ ಒತ್ತಡವೂ ಸುಮಾರು 15 ಪೌಂಡೇ, ಅದು ನಿಜ. ಆದರೆ ಕ್ಯಾನಿಂಗಿನ ಸಮಯವನ್ನು ಲೆಕ್ಕಹಾಕಿರುವುದು ನಿಧಾನವಾಗಿ ಕಾದು ನಿಧಾನವಾಗಿ ಆರುವ, ಒಂದು ಲೀಟರಿನ ನಾಲ್ಕು ಜಾಡಿಗಳಾದರೂ ನೆಟ್ಟಗೆ ನಿಲ್ಲುವ ದೊಡ್ಡ ಪಾತ್ರೆಗೆ. ಐದು ಲೀಟರಿನ ಕುಕ್ಕರ್ ಬೇಗ ಕಾದು ಬೇಗ ಆರಿ ಆ ಲೆಕ್ಕವನ್ನೇ ಕೆಡಿಸುತ್ತದೆ. ವಿಷಲ್ ಅಂತೂ ಗಡಿಯಾರವಲ್ಲ. ಉರಿ ಜೋರಾದರೆ ನಾಲ್ಕು ವಿಷಲ್ ಐದು ನಿಮಿಷದಲ್ಲೇ ಕೂಗಿಬಿಡುತ್ತವೆ.

ಹುರುಳಿಕಾಯಿಯನ್ನು ನಾರು ತೆಗೆದು ಅಂಗುಲದುದ್ದ ಮುರಿದು ಐದು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಅದೇ ನೀರಿನೊಂದಿಗೆ ಜಾಡಿಗೆ ತುಂಬಿ. ಮೇಲೆ ಒಂದು ಅಂಗುಲ ಖಾಲಿ ಬಿಡಿ. ಒಳಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ಚಪ್ಪಟೆ ಕಡ್ಡಿಯಾಡಿಸಿ ಬಿಡಿಸಿ, ಬಾಯಂಚನ್ನು ಶುಭ್ರವಾಗಿ ಒರೆಸಿ ಮುಚ್ಚಳ ಹಾಕಿ. ಉಪ್ಪು ರುಚಿಗೆ ಮಾತ್ರ, ಹಾಕದಿದ್ದರೂ ನಡೆಯುತ್ತದೆ. ಮಗಳು ತಂದ ಜಾಡಿಗಳನ್ನೇ ಬಳಸಿ, ಜಾಮ್ ಬಾಟಲಿ, ಹಾರ್ಲಿಕ್ಸ್ ಬಾಟಲಿ ಬೇಡ. ಕ್ಯಾನರ್ ಮುಚ್ಚಿದ ಮೇಲೆ ವೆಯ್ಟ್ ಹಾಕುವ ಮುನ್ನ ಪೂರ್ತಿ ಹತ್ತು ನಿಮಿಷ ಹಬೆ ಬುಸುಗುಟ್ಟಿ ಹೊರಗೆ ಹೋಗಲಿ. ಈ ಹತ್ತು ನಿಮಿಷವನ್ನು ನುಂಗಿಹಾಕುವವರೇ ಹೆಚ್ಚು. ಒಳಗೆ ಗಾಳಿ ಉಳಿದರೆ ಗೇಜು 12 ತೋರಿಸಿದರೂ ಅಷ್ಟು ಶಾಖ ಇರುವುದಿಲ್ಲ. ಗೇಜು ನಿಖರವಾಗಿದ್ದೂ ಮೋಸಹೋಗುವುದು ಇಲ್ಲೇ.

ಮುಳ್ಳು 12 ಮುಟ್ಟಿದ ಕ್ಷಣದಿಂದ ಲೆಕ್ಕ ಶುರು. ಅರ್ಧ ಲೀಟರಿನ ಜಾಡಿಗೆ 20 ನಿಮಿಷ, ಲೀಟರಿನದಕ್ಕೆ 25. ನಡುವೆ ಗ್ಯಾಸ್ ಖಾಲಿಯಾಗಿಯೋ ಉರಿ ಇಳಿದೋ ಒತ್ತಡ ಕೆಳಗೆ ಹೋದರೆ ಮತ್ತೆ 12ಕ್ಕೆ ತಂದು ಮೊದಲ ನಿಮಿಷದಿಂದ ಎಣಿಸಿ. ಆಮೇಲೆ ಒಲೆ ಆರಿಸಿ ಸುಮ್ಮನೆ ಬಿಡಿ. ನಾವು ಕುಕ್ಕರನ್ನು ನಲ್ಲಿಯ ಕೆಳಗೆ ಹಿಡಿಯುವುದು, ಚಮಚದಲ್ಲಿ ವೆಯ್ಟ್ ಎತ್ತಿ ಹಬೆ ಬಿಡುವುದು, ಇವೆರಡನ್ನೂ ಇಲ್ಲಿ ಮಾಡಕೂಡದು. ತಾನಾಗಿ ಆರುವ ಹೊತ್ತೂ ಬೇಯಿಸುವ ಲೆಕ್ಕಕ್ಕೆ ಸೇರಿದ್ದು.

ಕ್ಯಾರೆಟ್ಟಿಗೆ 25 ಮತ್ತು 30 ನಿಮಿಷ. ಅವರೆಕಾಳನ್ನೂ ಹಾಕಬಹುದೆ ಎಂದು ನಿಮ್ಮಲ್ಲಿ ಆಸೆ ಹುಟ್ಟಿಯೇ ಹುಟ್ಟುತ್ತದೆ, ಡಿಸೆಂಬರ್ ಬಂದರೆ ನನಗೂ ಹುಟ್ಟುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ನಮ್ಮ ಅವರೆಗೆ ಸಮಯ ಕೊಟ್ಟಿಲ್ಲ, ಇನ್ನೊಂದು ಕಾಳಿನ ಸಮಯವನ್ನು ಅದಕ್ಕೆ ಹೊಂದಿಸಬೇಡಿ. ಹಿತಕಿದ ಬೇಳೆಯನ್ನು ಫ್ರೀಜರಿನಲ್ಲಿಡಿ. ಇಂಥ ಸಂದೇಹಗಳಿಗೆ ನಿಮಗೆ ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೊಯ್ಲೋತ್ತರ ವಿಭಾಗವನ್ನಾಗಲಿ ಮೈಸೂರಿನ ಸಿಎಫ್‌ಟಿಆರ್‌ಐಯನ್ನಾಗಲಿ ಕೇಳುವುದು ಒಳ್ಳೆಯದು.

ಮುಚ್ಚಳ ಉಬ್ಬಿದ, ತೆಗೆದೊಡನೆ ಚಿಮ್ಮಿದ ಜಾಡಿಯನ್ನು ಮೂಸಿಯೂ ನೋಡದೆ ಎಸೆಯಿರಿ. ಈ ವಿಷಕ್ಕೆ ಎಷ್ಟೋ ಸಲ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸರಿಯಾಗಿಯೇ ಕಾಣುವ ಜಾಡಿಯಾದರೂ ಪಲ್ಯಕ್ಕೆ ಹಾಕುವ ಮೊದಲು ನಮ್ಮ ಎತ್ತರಕ್ಕೆ 13 ನಿಮಿಷ ಕುದಿಸಿ. ತಿಂದವರಿಗೆ ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಜಾಡಿಯ ವಿಷಯವನ್ನು ವೈದ್ಯರಿಗೆ ಹೇಳಿ. ಸದ್ಯಕ್ಕೆ ಮಗಳ ಚೀಟಿಯಲ್ಲಿ 11 ಹೊಡೆದು 12 ಎಂದು ಬರೆದು ಕ್ಯಾನರಿನ ಮುಚ್ಚಳಕ್ಕೆ ಕಟ್ಟಿಡಿ. ಗೇಜು ಪೀಣ್ಯಕ್ಕೆ ಹೋಗಿಬರುವ ತನಕ ಹುರುಳಿಕಾಯಿಯನ್ನು ಅಕ್ಕಪಕ್ಕದವರಿಗೆ ಹಂಚಿ.