ಕಡತ ಇಳಿಸುವ ಮುನ್ನ ಬ್ರೌಸರ್ ನಿಮ್ಮನ್ನು ಕೇಳಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಬೇಸಾಯ ಒಂದೇ ತೆರನಾದುದಲ್ಲ. ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯಲಾಗುತ್ತದೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನೆಚ್ಚಿದ ಸಜ್ಜೆ, ಜೋಳ, ಕಡಲೆ ಹಾಗೂ ಕೊಳವೆ ಬಾವಿಯ ದಾಳಿಂಬೆ ಮುಖ್ಯ. ಒಂದೇ ಮನೆತನಕ್ಕೆ ಎರಡೂ ಕಡೆ ಹೊಲವಿರುವುದುಂಟು. ಇಂತಹ ರೈತರು ಮಣ್ಣಿನ ಆರೋಗ್ಯ ಚೀಟಿ, ಪಹಣಿ ಮುಂತಾದವನ್ನು ಈಗ ಫೋನಿನಲ್ಲಿಯೇ ಇಳಿಸಿಕೊಳ್ಳುತ್ತಿದ್ದಾರೆ. ಅನುಕೂಲವೇನೋ ಸರಿ, ಆದರೆ ಇಳಿದ ಕಡತ ಎಲ್ಲಿ ಹೋಯಿತೆಂಬುದು ಬಹುಮಂದಿಗೆ ತಿಳಿಯದು.

ಒಬ್ಬ ರೈತರು ಬತ್ತದ ಗದ್ದೆಗೆ ಜಿಪ್ಸಂ ಎಷ್ಟು ಹಾಕಬೇಕೆಂದು ಕೇಳಲು ಬಂದು ಫೋನಿನಲ್ಲಿದ್ದ ಚೀಟಿಯನ್ನು ತೋರಿಸಿದರು. ಅಂಕಿಗಳು ಬತ್ತದ ಗದ್ದೆಗೆ ಹೊಂದಿಕೆಯಾಗಲಿಲ್ಲ. ಸರ್ವೆ ನಂಬರನ್ನು ನೋಡಿದಾಗ ಅದು ಅವರ ಕಡಲೆ ಹೊಲದ ಚೀಟಿಯೆಂದು ತಿಳಿಯಿತು. ಎರಡೂ ಕಡತಗಳು ಒಂದೇ ಹೆಸರಿನಲ್ಲಿದ್ದು, ಒಂದರ ಕೊನೆಗೆ ಕಂಸದಲ್ಲಿ 1 ಎಂದು ಮಾತ್ರ ಸೇರಿತ್ತು. ಜಿಪ್ಸಂ ಕ್ಷಾರ ಮಣ್ಣಿಗೆ ಮದ್ದು. ಬರೀ ಸವಳಿಗೆ ಬಸಿಗಾಲುವೆ ಮತ್ತು ಒಳ್ಳೆಯ ನೀರಿನಿಂದ ಲವಣ ತೊಳೆಯುವುದು ಬೇಕು. ತಪ್ಪು ಚೀಟಿಯನ್ನು ನಂಬಿದ್ದರೆ ಗೊಬ್ಬರದ ಹಣವೂ ಒಂದು ಹಂಗಾಮೂ ವ್ಯರ್ಥವಾಗುತ್ತಿದ್ದವು.

ಹೀಗೇಕಾಗುತ್ತದೆ?

ಅಂತರಜಾಲ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಬಳಕೆಯಲ್ಲಿರುವಂಥವು. ಇವು ಸಾಮಾನ್ಯವಾಗಿ ಕಡತವನ್ನು ಯಾರನ್ನೂ ಕೇಳದೆ 'ಡೌನ್‌ಲೋಡ್ಸ್' ಎಂಬ ಒಂದೇ ಕಡೆಗೆ ತುಂಬುತ್ತವೆ. ಬೀಜದ ಚೀಲಗಳನ್ನು ಚೀಟಿ ಕಟ್ಟದೆ ಒಂದೇ ಮೂಲೆಗೆ ಒಟ್ಟಿದ ಹಾಗೆ. ಫೈರ್‌ಫಾಕ್ಸ್ ಮೊದಲು ಕಡತವನ್ನು ತೆರೆಯಬೇಕೋ ಉಳಿಸಬೇಕೋ ಎಂದು ಕೇಳುತ್ತಿತ್ತು. 2022ರಲ್ಲಿ ಬಂದ 98ನೇ ಆವೃತ್ತಿಯಿಂದ ಆ ಪ್ರಶ್ನೆಯನ್ನು ಸಾಮಾನ್ಯವಾಗಿ ಕೈಬಿಟ್ಟಿದೆ. ಬೇಗ ಕೆಲಸವಾಗುವುದು ನಿಜ, ಆದರೆ ಹತ್ತಾರು ಕಾಗದ ಇಟ್ಟುಕೊಳ್ಳಬೇಕಾದ ರೈತನಿಗೆ ಹಳೆಯ ಕ್ರಮವೇ ಲೇಸೆಂದು ನನ್ನ ಅಭಿಪ್ರಾಯ. ಅದನ್ನು ಮರಳಿ ಪಡೆಯಬಹುದು.

ಸರಿಪಡಿಸುವ ಕ್ರಮ

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಬೇಕು. ಕೆಳಕ್ಕೆ ಸರಿದರೆ ಡೌನ್‌ಲೋಡ್ಸ್ ಎಂಬ ವಿಭಾಗ ಸಿಗುತ್ತದೆ. ಅಲ್ಲಿ ಕಡತವನ್ನು ಎಲ್ಲಿ ಉಳಿಸಬೇಕೆಂದು ಕೇಳುವ ಸಾಲಿನ ಗುಂಡಿಯನ್ನು ಚಾಲೂ ಮಾಡಬೇಕು. ಬಳಿಕ ಪ್ರತಿ ಬಾರಿಯೂ ಒಂದು ಚೌಕಟ್ಟು ಮೂಡಿ, ಕಡತದ ಹೆಸರು ಮತ್ತು ಜಾಗವನ್ನು ತೋರಿಸುತ್ತದೆ. ಅವಸರದಲ್ಲಿ ಅದನ್ನು ಒತ್ತಿಬಿಡದೆ, ಹೆಸರನ್ನು ಅಲ್ಲಿಯೇ ಬದಲಿಸತಕ್ಕದ್ದು.

ಕಂಪ್ಯೂಟರಿನ ಕ್ರೋಮ್‌ನಲ್ಲಿಯೂ ಸೆಟ್ಟಿಂಗ್ಸ್, ಡೌನ್‌ಲೋಡ್ಸ್ ಎಂಬುದೇ ದಾರಿ. ಎಡ್ಜ್‌ನಲ್ಲಿ ಇದೇ ಬಗೆ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನೊಳಗಿನ ಡೌನ್‌ಲೋಡ್ಸ್ ಭಾಗದಲ್ಲಿ, ಯಾವಾಗಲೂ ಕೇಳು ಎಂಬರ್ಥದ ಸಾಲನ್ನು ಆರಿಸಬೇಕು. ಇಷ್ಟಾದರೂ ಪಿಡಿಎಫ್ ಕಡತ ಉಳಿಯದೆ ಪರದೆಯ ಮೇಲೆಯೇ ತೆರೆದುಕೊಂಡರೆ ಗಾಬರಿ ಬೇಡ. ಅದು ತೋರಿಸುವ ಬಗೆ ಅಷ್ಟೆ. ಮೇಲಿರುವ ಕೆಳಮುಖ ಬಾಣವನ್ನು ಒತ್ತಿದಾಗ ಉಳಿಸುವ ಪ್ರಶ್ನೆ ಬರುತ್ತದೆ.

ವಾಟ್ಸಾಪಿನಲ್ಲಿ ಬಂದ ಕಡತಗಳಿಗೆ ಮಾತ್ರ ಈ ಸೆಟ್ಟಿಂಗ್ ಅನ್ವಯಿಸುವುದಿಲ್ಲ. ಅವು ಬೇರೆ ದಾರಿಯಿಂದ ಬಂದು ಬೇರೆ ಕಡೆ ಕೂಡುತ್ತವೆ.

ಹೆಸರಿಡುವುದರಲ್ಲಿ ಎಚ್ಚರ

ಕಾಗದದ ಬಗೆ, ಸರ್ವೆ ನಂಬರು, ದಿನಾಂಕ ಈ ಮೂರೂ ಹೆಸರಿನಲ್ಲಿರಬೇಕು. ಆದರೆ 45/2 ಎಂದು ಪಹಣಿಯಲ್ಲಿದ್ದಂತೆಯೇ ಬರೆಯಲಾಗದು. ಓರೆಗೆರೆಯನ್ನು ಕಡತದ ಹೆಸರಿನಲ್ಲಿ ಕಂಪ್ಯೂಟರು ಒಪ್ಪುವುದಿಲ್ಲ. ಬದಲಿಗೆ 45-2 ಎಂದು ಬರೆಯಬೇಕು. ದಿನಾಂಕದಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವಿದ್ದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗೊಳ್ಳುತ್ತವೆ. ಉದಾಹರಣೆಗೆ: ಮಣ್ಣು-45-2-2024-05-20. ಪಹಣಿಯಂತೂ ವರ್ಷವಾರು ಇರುವುದರಿಂದ ಹಳೆಯದನ್ನು ಸಾಲಕ್ಕೆ ಲಗತ್ತಿಸಿ ಎರಡನೆಯ ಬಾರಿ ಅಲೆಯುವುದು ತಪ್ಪುತ್ತದೆ. ಮಣ್ಣಿನ ಚೀಟಿಯ 12 ಅಂಶಗಳನ್ನು ಮೂರು ವರ್ಷಗಳ ಹಿಂದಿನವುಗಳೊಡನೆ ಹೋಲಿಸಲೂ ಇದೇ ಕ್ರಮ ಬೇಕು. ಗದ್ದೆಯ ಸವಳು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ವಿದ್ಯುತ್ ವಾಹಕತೆಯ ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗಲೇ ಗೊತ್ತಾಗುವುದು.

ಪ್ರಶ್ನೆ ಬಂದಾಗ ಬೇಡವೆನ್ನಲೂಬಹುದು

ಹೀಗೆ ಕೇಳಿಸಿಕೊಳ್ಳುವುದರಿಂದ ಇನ್ನೊಂದು ಪ್ರಯೋಜನವಿದೆ. ತಾವು ಕೋರದ ಕಡತ ಇಳಿಯಲು ಹೊರಟರೆ ಆಗಲೇ ಕಾಣುತ್ತದೆ. ಹೆಸರಿನ ಕೊನೆಗೆ ಎಪಿಕೆ ಎಂಬ ಅಕ್ಷರಗಳಿದ್ದರೆ ಅದು ಕಾಗದವಲ್ಲ, ಫೋನಿನೊಳಗೆ ನೆಲೆಯೂರುವ ಆ್ಯಪ್. ಪಿಎಂ-ಕಿಸಾನ್ ಹೆಸರಿನಲ್ಲಿ ಹರಡಿದ ಇಂತಹ ನಕಲಿ ಆ್ಯಪ್‌ಗಳಿಂದ ಬ್ಯಾಂಕ್ ಖಾತೆಯ ಹಣ ಕಳೆದುಕೊಂಡ ರೈತರಿದ್ದಾರೆ. ಆದರೆ ಕಡತ ಒಳ್ಳೆಯದೋ ಕೆಟ್ಟದ್ದೋ ಎಂದು ಈ ಸೆಟ್ಟಿಂಗ್ ಪರೀಕ್ಷಿಸುವುದಿಲ್ಲ. ಅದು ನಿಲ್ಲಿಸಿ ಕೇಳುತ್ತದೆ ಅಷ್ಟೆ. ರದ್ದು ಮಾಡುವ ಕೆಲಸ ತಮ್ಮದು.

ಊರಿನ ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ಆಧಾರ್ ಅಥವಾ ಪಾಸ್‌ಬುಕ್ಕಿನ ಪ್ರತಿ ಇಳಿಸಿದ್ದರೆ, ಮುದ್ರಣವಾದ ಕೂಡಲೇ ಅಳಿಸುವಂತೆ ಕೇಳಿರಿ. ಅಳಿಸಿದ ಕಡತ ರಿಸೈಕಲ್ ಬಿನ್ ಎಂಬ ಬುಟ್ಟಿಯಲ್ಲಿ ಉಳಿದಿರುತ್ತದೆ. ಎದ್ದು ಬರುವ ಮುನ್ನ ಅದನ್ನೂ ಬರಿದು ಮಾಡಿಸಬೇಕು.