ಜಾಲಿಮುಳ್ಳಿಗೆ ಹೊಸ ಟೈರೇ ಬೇಕೆ?

ಪ್ರಶ್ನೆ: ಮುಂಡರಗಿಗೆ ಹೋಗಿ ಬರುವಾಗ ನಮ್ಮ ಕಾರಿನ ಹಿಂದಿನ ಟೈರು ಪಂಕ್ಚರ್ ಆಯಿತು. ಟ್ಯೂಬ್‌ಲೆಸ್ ಟೈರು, ಹಾಕಿಸಿ ಎರಡು ವರ್ಷವಾಗಿದೆ. ನೆಟ್ಟಿದ್ದು ಜಾಲಿಮುಳ್ಳು. ಒಂದು ಅಂಗಡಿಯವರು ಸ್ಟ್ರಿಪ್ ಹಾಕಿದರೆ ಸಾಕು ಅಂದರು, ಇನ್ನೊಬ್ಬರು ಟೈರನ್ನೇ ಬದಲಿಸಿ ಅಂದರು. ಯಾರ ಮಾತು ಕೇಳಬೇಕು?
ಓದುಗರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಮುಳ್ಳು ಟೈರಿನ ಯಾವ ಭಾಗದಲ್ಲಿ ನೆಟ್ಟಿತ್ತು, ಗಾಳಿ ಇಳಿದ ಮೇಲೆ ಗಾಡಿ ಎಷ್ಟು ದೂರ ಓಡಿತು ಎಂಬ ಎರಡು ಸಂಗತಿ ನಿಮ್ಮ ಪತ್ರದಲ್ಲಿಲ್ಲ. ತೀರ್ಮಾನವಾಗಬೇಕಾದ್ದು ಆ ಎರಡರ ಮೇಲೆಯೇ. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗೆ ನೋಡದೆಯೇ ಹೇಳಿದ್ದರೆ, ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ.

ಟೈರಿನಲ್ಲಿ ನೆಲಕ್ಕೆ ತಾಗುವ ಭಾಗ ಬೇರೆ, ಪಕ್ಕದ ಗೋಡೆ ಬೇರೆ. ಇಂದಿನ ರೇಡಿಯಲ್ ಟೈರುಗಳಲ್ಲಿ ನೆಲಕ್ಕೆ ತಾಗುವ ದಪ್ಪ ರಬ್ಬರಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಅಲ್ಲಿ ಬಿದ್ದ ಸಣ್ಣ ತೂತನ್ನು ಸರಿಯಾಗಿ ಮುಚ್ಚಿದರೆ ಟೈರು ತನ್ನ ಉಳಿದ ಆಯುಷ್ಯವನ್ನು ನೆಮ್ಮದಿಯಾಗಿ ಓಡುತ್ತದೆ. ಪಕ್ಕದ ಗೋಡೆಯಲ್ಲಿ ಆ ಉಕ್ಕಿನ ಪಟ್ಟಿ ಇಲ್ಲ. ಚಕ್ರ ಸುತ್ತಿದಾಗಲೆಲ್ಲ ಅದು ಬಾಗಿ ನೇರವಾಗುತ್ತದೆ. ಸಾಧಾರಣ ಕಾರಿನ ಚಕ್ರ ಕಿಲೋಮೀಟರಿಗೆ ಹೆಚ್ಚೂಕಡಿಮೆ 500 ಸುತ್ತು ಹಾಕುತ್ತದೆ. ನಿಮ್ಮೂರಿಂದ ಗದಗಿಗೆ 40 ಕಿ.ಮೀ. ಹಿಡಿದರೆ ಒಂದು ಸಲ ಹೋಗುವಷ್ಟರಲ್ಲೇ 20,000 ಸಲ. ಮಡಚಿ ಮಡಚಿ ತಂತಿ ತುಂಡಾಗುವಂತೆ ಅಲ್ಲಿ ಹಾಕಿದ ಯಾವ ಪ್ಯಾಚಾದರೂ ಕೊನೆಗೆ ಬಿಡುತ್ತದೆ. ಪಕ್ಕದಲ್ಲಿ ಅಥವಾ ಪಕ್ಕ ಶುರುವಾಗುವ ಅಂಚಿನಲ್ಲಿ ತೂತಾಗಿದ್ದರೆ, ಎಷ್ಟೇ ಸಣ್ಣದಿರಲಿ, ಟೈರು ಬದಲಿಸಿ. ನೆಲಕ್ಕೆ ತಾಗುವ ಭಾಗದಲ್ಲೂ ತೂತು 6 ಮಿ.ಮೀ.ಗಿಂತ ಅಗಲವಿದ್ದರೆ, ಅಥವಾ ಹಳೆಯ ಪ್ಯಾಚಿಗೆ ತಾಗಿಕೊಂಡೇ ಇದ್ದರೆ ರಿಪೇರಿಗೆ ಒಪ್ಪಬೇಡಿ.

ಗದಗ ಜಿಲ್ಲೆಯ ಎರೆಸೀಮೆಯಲ್ಲಿ ಹೊಲದ ಬೇಲಿಗೆ ಕಡಿದ ಜಾಲಿ ಟ್ರ್ಯಾಕ್ಟರಿನಲ್ಲಿ ಸಾಗುವಾಗ ದಾರಿಯುದ್ದಕ್ಕೂ ಉದುರುತ್ತದೆ. ಅದು ನೆಡುವುದು ಸಾಮಾನ್ಯವಾಗಿ ನೆಲಕ್ಕೆ ತಾಗುವ ಭಾಗದಲ್ಲೇ, ತೂತೂ ಸಣ್ಣದು. ಆದ್ದರಿಂದ ಬರೀ ಮುಳ್ಳಿಗಾಗಿ ಎರಡು ವರ್ಷದ ಟೈರು ಎಸೆಯುವ ಪ್ರಸಂಗ ಅಪರೂಪ. ಸುಗ್ಗಿಯ ಕಾಲದ ಕಲ್ಲಿನ ವಿಷಯ ಹಾಗಲ್ಲ. ರಸ್ತೆಯ ಮೇಲೆ ರಾಶಿ ಮಾಡುವವರು ಸುತ್ತ ಕಲ್ಲಿಟ್ಟು, ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುತ್ತಾರೆ. ಕತ್ತಲಲ್ಲಿ ಅದಕ್ಕೆ ಉಜ್ಜಿದರೆ ಸೀಳುವುದು ಪಕ್ಕದ ಗೋಡೆ. ರೈತ ಬಂಧುಗಳು ದಯವಿಟ್ಟು ಆ ಕಲ್ಲುಗಳನ್ನು ಎತ್ತಿಟ್ಟು ಹೋಗಬೇಕು. ಬೈಕಿನವರಿಗೆ ಅದು ಟೈರಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇನ್ನು ಸ್ಟ್ರಿಪ್. ಹೊರಗಿನಿಂದ ದಬ್ಬಣ ಚುಚ್ಚಿ ತೂತನ್ನು ಅಗಲಿಸಿ ಅಂಟಿನ ದಾರ ತುರುಕುವ ಈ ಕೆಲಸ ಹತ್ತು ನಿಮಿಷದ್ದು. ದಾರಿ ಮಧ್ಯೆ ನಿಂತವರಿಗೆ ಅದು ದೊಡ್ಡ ಉಪಕಾರ. ಆದರೆ ಅದರಿಂದ ಒಳಗೇನಾಗಿದೆ ಎಂದು ಗೊತ್ತಾಗುವುದಿಲ್ಲ. ಮುಳ್ಳಿನ ತುದಿ ಮುರಿದು ಒಳಗೇ ಉಳಿದಿರಬಹುದು. ತೂತು ಪೂರ್ತಿ ಮುಚ್ಚದಿದ್ದರೆ ನೀರು ಇಳಿದು ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಸ್ಟ್ರಿಪ್ ಹಾಕಿಸಿದ್ದರೆ ಊರು ಸೇರಿದ ಮೇಲೆ ಟೈರು ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿ. ಅದರ ಕಾಂಡ ತೂತನ್ನು ತುಂಬುತ್ತದೆ, ತಲೆ ಒಳಗಿನ ಪದರವನ್ನು ಮುಚ್ಚುತ್ತದೆ. ಖರ್ಚು ಸ್ಟ್ರಿಪ್ಪಿಗಿಂತ ಹೆಚ್ಚು, ಹೊಸ ಟೈರಿನ ಮುಂದೆ ಏನೂ ಅಲ್ಲ.

ಟೈರು ಬಿಚ್ಚಿದಾಗ ನೀವೇ ಬಗ್ಗಿ ನೋಡಿ. ಒಳಗೆ ಕರಿ ರಬ್ಬರಿನ ಪುಡಿ ಉದುರಿದ್ದರೆ, ಪಕ್ಕದ ಗೋಡೆಯ ಒಳಮೈ ಸುತ್ತಲೂ ಉಜ್ಜಿದ ಗೆರೆ ಕಂಡರೆ, ಗಾಳಿಯಿಲ್ಲದೆ ಓಡಿ ಗೋಡೆ ಅರೆದುಹೋಗಿದೆ ಎಂದರ್ಥ. ಆಗ ತೂತು ಸೂಜಿಮೊನೆಯಷ್ಟಿದ್ದರೂ ಆ ಟೈರು ಕೆಲಸಕ್ಕೆ ಬಾರದು. ಮುಂಡರಗಿಯಿಂದ ಬರುವಾಗ ಎದುರಾಗುವ ಅಪಾಯ ಇದೇ: ಊರು ಹತ್ತಿರ ಬಂತೆಂದು ಇಳಿದ ಗಾಳಿಯಲ್ಲೇ ಗಾಡಿ ಓಡಿಸಿಬಿಡುತ್ತೇವೆ. ಮುಳ್ಳಿಗಿಂತ ಹೆಚ್ಚು ಟೈರು ಕೆಡುವುದು ಈ ಅವಸರದಿಂದ.

ಗ್ರಿಪ್ಪನ್ನೂ ನೋಡಿ. ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆ. ಗೀರುಗಳ ನಡುವಿನ ಪುಟ್ಟ ಅಡ್ಡಗಟ್ಟೆಗಳ ಮಟ್ಟಕ್ಕೆ ರಬ್ಬರು ಸವೆದಿದ್ದರೆ ಪ್ಯಾಚಿಗೆ ದುಡ್ಡು ಹಾಕಬೇಡಿ. ವಯಸ್ಸನ್ನು ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಓದಬಹುದು: 2319 ಅಂದರೆ 2019ರ 23ನೇ ವಾರದ ತಯಾರಿ. ನೀವು ಹಾಕಿಸಿ ಎರಡು ವರ್ಷವಾಗಿದ್ದರೂ ಟೈರು ಅದಕ್ಕಿಂತ ಹಳೆಯದಿರಬಹುದು.

ನಿಮ್ಮ ಟೈರಿಗೆ ನನ್ನ ತೀರ್ಪು: ತೂತು ನೆಲಕ್ಕೆ ತಾಗುವ ಭಾಗದ ನಡುವಿದ್ದು, ಒಳಗೆ ಪುಡಿ ಇಲ್ಲದಿದ್ದರೆ ಮಶ್ರೂಮ್ ಪ್ಯಾಚ್ ಹಾಕಿಸಿ ನಿಶ್ಚಿಂತೆಯಿಂದ ಓಡಿಸಿ. ಬದಲಿಸಲೇಬೇಕಾಗಿ ಬಂದರೆ ಅದೇ ಆಕ್ಸಲ್‌ನಲ್ಲಿರುವ ಇನ್ನೊಂದು ಟೈರಿನ ಅಳತೆಗೂ ಮಾದರಿಗೂ ಹೊಂದುವುದನ್ನೇ ತೆಗೆದುಕೊಳ್ಳಿ. ಅಂಗಡಿಗೆ ಹೋದ ದಿನವೇ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿಕೊಂಡು ಬನ್ನಿ.