ತೋಟದ ಧರೆ ಹೇಳುವ ಗಿಡಗಳ ಕಥೆ



ಕೃಷಿಗೆ ಬಂದ ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಅಡಿಕೆ ತೋಟದ ಮೇಲ್ಬದಿಯ ಧರೆ ತುಂಬ ಹಾವಸೆ, ಜರಿಗಿಡ ಹಬ್ಬಿತ್ತು. ಕಳೆ ಅಂತ ಕಳೆನಾಶಕ ಹೊಡೆಸಿ ಬೋಳು ಮಾಡಿಸಿದೆ. ಮುಂದಿನ ಆಷಾಢದ ಮಳೆಗೆ ಮೇಲ್ಮಣ್ಣು ಜಾರಿ ಹದಿನಾಲ್ಕು ಸಸಿಗಳು ಮುಚ್ಚಿಹೋದವು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಸಸ್ಯ ವರ್ಗೀಕರಣವನ್ನು ಮತ್ತೆ ತೆಗೆದು ಓದಿದ್ದು ಆಮೇಲೆಯೇ.

ಗಿಡಗಳು ನೆಲಕ್ಕೆ ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಅವುಗಳ ಮೂಲ ಸಿಹಿನೀರಿನ ಹಸಿರು ಪಾಚಿ. ನೀರು ಬಿಟ್ಟು ಬಂದ ಮೇಲೆ ಬದುಕೋದು ಹೇಗೆ? ಇದಕ್ಕೆ ಒಂದೊಂದು ಗುಂಪು ಒಂದೊಂದು ದಾರಿ ಹುಡುಕಿಕೊಂಡಿತು.

ಹಾವಸೆ: ಇದಕ್ಕೆ ನಿಜವಾದ ಬೇರಿಲ್ಲ, ನೀರು ಸಾಗಿಸುವ ಗಟ್ಟಿ ನಾಳಗಳಿಲ್ಲ. ಮೈಯಿಂದಲೇ ನೀರು ಹೀರುತ್ತೆ. ಹಾಗಾಗಿ ಎತ್ತರ ಬೆಳೆಯಲ್ಲ. ಬೇಸಿಗೆಯಲ್ಲಿ ಸತ್ತಂತೆ ಒಣಗಿದ್ದರೂ ಮಳೆ ಬಿದ್ದರೆ ಮತ್ತೆ ಹಸಿರು.

ಜರಿಗಿಡ: ಇದಕ್ಕೆ ಬೇರೂ ಇದೆ, ನಾಳಗಳೂ ಇವೆ. ಆದರೆ ಬೀಜವಿಲ್ಲ, ಎಲೆಯಡಿಯ ಕಂದು ಚುಕ್ಕೆಗಳಲ್ಲಿರುವ ಬೀಜಕಗಳಿಂದ ವಂಶ ಬೆಳೆಯುತ್ತೆ. ಹಾವಸೆಯಂತೆ ಇದರ ಗಂಡು ಕೋಶವೂ ನೀರಲ್ಲಿ ಈಜಿ ಹೆಣ್ಣು ಕೋಶ ಸೇರಬೇಕು. ತಂಪು ಜಾಗದಲ್ಲೇ ಇವು ಹೆಚ್ಚು ಕಾಣೋದು ಇದಕ್ಕೇ.

ಅನಾವೃತ ಬೀಜ ಸಸ್ಯ: ಸೈಕಾಸ್, ಪೈನ್ ಈ ಗುಂಪಿನವು. ಪರಾಗ ಬಂದ ಮೇಲೆ ಗಂಡು ಕೋಶಕ್ಕೆ ಹೊರಗಿನ ನೀರು ಬೇಕಿಲ್ಲ. ಬೀಜದೊಳಗೆ ಮೊಳಕೆಗೆ ಬುತ್ತಿ ಸಿದ್ಧ. ನಮ್ಮ ಸರ್ವೆ ಮರ ಪೈನ್ ಥರ ಕಂಡರೂ ಅದು ಮುಂದಿನ ಗುಂಪಿನದು.

ಹೂಬಿಡುವ ಸಸ್ಯ: ಸುಮಾರು 13 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡವು. ಹೂವಿಗೆ ಜೇನು, ಹಣ್ಣಿಗೆ ಹಕ್ಕಿ ಬಂದು ಇವು ಎಲ್ಲೆಡೆ ಹರಡಿದವು. ಭತ್ತ, ಅಡಿಕೆ, ಮೆಣಸು, ಮಾವು ಎಲ್ಲವೂ ಇದೇ ಗುಂಪು.

ಈ ಪಯಣದಲ್ಲಿ ಗಿಡ ಒಂಟಿಯಾಗಿರಲಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳ ಒಳಗೆ ಶಿಲೀಂಧ್ರದ ಎಳೆಗಳಿವೆ. ಅದೇ ಬಗೆಯ ನಂಟು ಇವತ್ತೂ ನಮ್ಮ ಅಡಿಕೆ ಬೇರಲ್ಲಿದೆ. ಅದೇ ಮೈಕೊರೈಜಾ. ಗಿಡ ಸಕ್ಕರೆ ಕೊಡುತ್ತೆ, ಶಿಲೀಂಧ್ರ ರಂಜಕ ತಂದುಕೊಡುತ್ತೆ.

ಹಾಗಾದರೆ ನಾವೇನು ಮಾಡಬೇಕು?

1. ಧರೆಯ ಹಾವಸೆ, ಜರಿಗಿಡ ಕೆರೆಯಬೇಡಿ. ಹಾವಸೆ ಮಳೆಹನಿಯ ಹೊಡೆತ ತಡೆಯುತ್ತೆ, ಜರಿಗಿಡದ ಬೇರು ಮೇಲ್ಮಣ್ಣು ಹಿಡಿಯುತ್ತೆ. ಎತ್ತರದ ಕಳೆಯನ್ನಷ್ಟೇ ಕತ್ತಿಯಲ್ಲಿ ಸವರಿ. ಆದರೆ ಆಳದಿಂದ ಕುಸಿಯುವ ಧರೆಯನ್ನು ಇವು ನಿಲ್ಲಿಸಲಾರವು. ಅದಕ್ಕೆ ಮೇಲಿಂದ ಬರುವ ನೀರನ್ನೇ ಬೇರೆ ಕಡೆ ತಿರುಗಿಸಬೇಕು.

2. ಅಡಿಕೆ ಸಾಲಿನ ನಡುವೆ ದಪ್ಪ ಹಾವಸೆ ಇದ್ದರೆ ಅಲ್ಲಿ ನೆರಳು, ತೇವ ಹೆಚ್ಚು ಅಂತ ತಿಳಿಯಿರಿ. ಬಸಿಗಾಲುವೆ ಕಟ್ಟಿದೆಯಾ ನೋಡಿ.

3. ಮೈಕೊರೈಜಾವನ್ನು ಸಸಿಯ ಬೇರಿಗೆ ತಾಗುವಂತೆ ಹಾಕಿ. ಎಲೆಕೋಸು, ಮೂಲಂಗಿ, ಸಾಸಿವೆಗೆ ಹಾಕಿ ದುಡ್ಡು ಕಳೆಯಬೇಡಿ. ಆ ಕುಟುಂಬಕ್ಕೆ ಈ ಸ್ನೇಹ ಒಗ್ಗಲ್ಲ.

ನಮ್ಮ ಧರೆ ಮತ್ತೆ ಹಸಿರಾಗಲು ಮೂರು ಮಳೆಗಾಲ ಹಿಡಿಯಿತು. ನಿಮ್ಮ ಧರೆಗೆ ಆ ಗತಿ ಬರೋದು ಬೇಡ. ಈ ವಾರ ಕಳೆ ತೆಗೆಸುವ ಮುಂಚೆ ಒಮ್ಮೆ ಅಲ್ಲಿ ಕೂತು, ಯಾವ ಗುಂಪಿನ ಗಿಡ ಎಲ್ಲಿದೆ ಅಂತ ನೋಡಿಬನ್ನಿ.